ಹಾಲಮ್ಮನ ಬೋಣಿ

ಮೊದಲನೆಯ ದಿನ ನಾನು ಶೇಷಾಚಲ ಮೇಷ್ಟ್ರ ಹಿಂದೆ ಬೀದಿಯ ತುದಿಯವರೆಗೂ ಓಡಿಹೋಗಿ, ಅವರ ಕೈ ಹಿಡಿದು ನಾಡಿ ನೋಡಿದೆ. ನಗಬೇಡಿ. ನಮ್ಮೂರಿನವರು ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಮೇಷ್ಟ್ರು ಪೂಜಾಸಾಮಾನು ಮಾರುವ ನನ್ನ ಗ್ರಂಧಿಗೆ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಯ ಕರ್ಪೂರ ತೆಗೆದುಕೊಂಡರು, ನಾನು ಆ ಬೆಳಿಗ್ಗೆಯಷ್ಟೇ ತೂಗುಹಾಕಿದ್ದ ಕ್ಯೂಆರ್ ಕೋಡಿನ ಫಲಕಕ್ಕೆ ಮೊಬೈಲ್ ತೋರಿಸಿದರು, ಹೊರಟರು. ಪಕ್ಕದಲ್ಲಿದ್ದ ಡಬ್ಬಿ ಯಾರೋ ಹೆಂಗಸಿನ ದನಿಯಲ್ಲಿ "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದಿತು. ನಾನು ಅಂಗೈ ಚಾಚಿಕೊಂಡೇ ಕೂತಿದ್ದೆ. ಏನೂ ತಾಕಲಿಲ್ಲ. ದುಡ್ಡು ಬಂದಿದೆ, ದುಡ್ಡಿನ ಜೊತೆ ಮೇಷ್ಟ್ರು ಬಂದಿಲ್ಲ! ಐವತ್ತಾರು ವರ್ಷದಲ್ಲಿ ಅಂಥ ಖಾಲಿ ದುಡ್ಡು ನನ್ನ ಕೈಗೆ ಬಂದದ್ದು ಒಂದೇ ಸಲ, ನಮ್ಮಪ್ಪ ತೀರಿಕೊಂಡಾಗ ಅವರ ಮುಷ್ಟಿ ಬಿಡಿಸಿ ತೆಗೆದ ಎಂಟಾಣೆ. ಎದ್ದವನೇ ಓಡಿದೆ.

"ಏನಯ್ಯಾ ಮರುಳಪ್ಪ, ನಾನೇನು ಸತ್ತಿದ್ದೀನಿ ಅಂದ್ಕೊಂಡ್ಯಾ?" ಎಂದು ಮೇಷ್ಟ್ರು ಕೈ ಕಿತ್ತುಕೊಂಡರು. ಆಮೇಲೆ ವಿಷಯ ಹೊಳೆದು ಅವರ ಮುಖವೂ ಬಿಳಿಚಿಕೊಂಡಿತು. "ಹಂಗಾದ್ರೆ ನನ್ನ ಮನಸ್ಸು ಎಲ್ಲಿಗೆ ಹೋಯ್ತು ಮಾರಾಯಾ?" ಎಂದು ಕೇಳಿದರು. ಇಬ್ಬರೂ ಅಂಗಡಿಗೆ ವಾಪಸು ಬಂದು ಆ ಡಬ್ಬಿಯ ಮೇಲೆ, ಫಲಕದ ಮೇಲೆ, ಮೊಬೈಲಿನ ಮೇಲೆ ಅಂಗೈ ಇಟ್ಟಿಟ್ಟು ನೋಡಿದೆವು. ಡಬ್ಬಿ ಬೆಚ್ಚಗಿತ್ತು, ಅಷ್ಟೇ. ಅದು ಕರೆಂಟಿನ ಬಿಸಿ.

ನಮ್ಮಲ್ಲಿ ನಾಣ್ಯವನ್ನು ಸುಮ್ಮನೆ ಎತ್ತಿ ಕೊಡುವ ಪದ್ಧತಿಯಿಲ್ಲ. ಒಮ್ಮೆ ಮುಷ್ಟಿಯಲ್ಲಿ ಬಿಗಿದು, ಆಮೇಲೆ ಎದುರಿನವರ ಅಂಗೈಗೆ ಇಡಬೇಕು. ಇಟ್ಟ ಕ್ಷಣಕ್ಕೆ ಕೊಟ್ಟವರ ಆ ಹೊತ್ತಿನ ಮನಸ್ಸು ತೆಗೆದುಕೊಂಡವರಿಗೆ ತಿಳಿಯುತ್ತದೆ. ಸಿಟ್ಟಾದರೆ ಸಿಟ್ಟು, ಹಸಿವಾದರೆ ಹಸಿವು, ಮಗಳ ಮದುವೆ ಗೊತ್ತಾದ ಸಡಗರವಾದರೆ ಅದೂ. ಮುಂದಿನವರು ಮುಷ್ಟಿ ಬಿಗಿಯುವವರೆಗೆ ನಾಣ್ಯದಲ್ಲಿ ಹಿಂದಿನವರೇ ಇರುತ್ತಾರೆ. ಹಾಗಾಗಿ ಮುಷ್ಟಿ ಬಿಗಿಯದೆ ಕೊಟ್ಟರೆ ಮುಖಕ್ಕೆ ಎಸೆದಂತೆ, ಅವಮಾನ. ಇಷ್ಟೆಲ್ಲ ತಿಳಿಯುವಾಗ ಬಾಯಿಬಿಟ್ಟು ಕೇಳುವುದೇನು? "ಚೆನ್ನಾಗಿದ್ದೀರಾ?" ಎಂದು ನಮ್ಮೂರಿನಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ, ನಿನ್ನ ಕೈ ಸುಳ್ಳು ಹೇಳುತ್ತಿದೆ ಎಂದು ಜರೆದ ಹಾಗೆ. ಇನ್ನೊಂದು ಕಟ್ಟಳೆಯೂ ಇತ್ತು. ಅಂಗೈಗೆ ಬಂದದ್ದನ್ನು ಬಾಯಿಗೆ ತರಬಾರದು. ಮತ್ತೊಂದು, ಗಂಡಹೆಂಡಿರು ಕೈಯಿಂದ ಕೈಗೆ ದುಡ್ಡು ಕೊಡಬಾರದು. ಮನೆಯೊಳಗೆ ದುಡ್ಡು ಇಡುವುದು ಗೂಡಿನಲ್ಲಿ, ಬೇಕಾದವರು ಅಲ್ಲಿಂದ ತೆಗೆದುಕೊಳ್ಳಬೇಕು. ನಾನೂ ದಾಕ್ಷಾಯಿಣಿಯೂ ಇಪ್ಪತ್ತೇಳು ವರ್ಷ ಸಂಸಾರ ಮಾಡಿದೆವು. ಅವಳ ಕೈಯ ನಾಣ್ಯ ಹೇಗಿರುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಬಾರದು ಎನ್ನುವುದೇ ಮರ್ಯಾದೆಯಾಗಿತ್ತು.

ದಾಕ್ಷಾಯಿಣಿ ಹೋಗಿ ಎರಡು ವರ್ಷವಾಗಿತ್ತು. ಹೊಟ್ಟೆಯಲ್ಲಿ ಗಡ್ಡೆ. ಆಸ್ಪತ್ರೆಗೆ ಸೇರಿಸಿದ ಹನ್ನೊಂದನೆಯ ದಿನಕ್ಕೆ ಎಲ್ಲಾ ಮುಗಿದಿತ್ತು. ಆಮೇಲೆ ನನ್ನ ಕೈ ಕೆಟ್ಟಿತು. ಚಿಲ್ಲರೆ ಕೊಡಲು ಮುಷ್ಟಿ ಬಿಗಿದರೆ ಸಾಕು, ತೆಗೆದುಕೊಂಡವರ ಮುಖ ಬಾಡುತ್ತಿತ್ತು. ನಾಮಕರಣಕ್ಕೆ ಸಾಮಾನು ಕೊಳ್ಳಲು ಬಂದ ಬಾಣಂತಿಯ ತಾಯಿ ಎರಡು ರೂಪಾಯಿ ಚಿಲ್ಲರೆ ಇಸಿದುಕೊಂಡು ಅಂಗಡಿಯ ಮುಂದೆಯೇ ಬಿಕ್ಕಿಬಿಕ್ಕಿ ಅತ್ತಳು. ಮಂಗಳ ಕಾರ್ಯಕ್ಕೆ ಅಂಥ ಅಂಗಡಿಗೆ ಯಾರು ಬರುತ್ತಾರೆ? ಜನ ನನ್ನ ಅಂಗಡಿ ದಾಟಿ ಮುಂದಿನ ಬೀದಿಗೆ ಹೋಗತೊಡಗಿದರು. ತಪ್ಪು ಅವರದಲ್ಲ.

ಆಗ ನನ್ನ ಅಂಗಡಿ ಒಂದಿಷ್ಟಾದರೂ ನಡೆದದ್ದು ಹಾಲಮ್ಮನ ಬೋಣಿಯಿಂದ. ಅರವತ್ತು ದಾಟಿದ ಹೆಂಗಸು, ಬೆಳಿಗ್ಗೆ ಏಳಕ್ಕೆ ಬಜಾರಿನ ಈ ತುದಿಯಿಂದ ಹೊರಟು ನಲವತ್ತು ಅಂಗಡಿಗಳಲ್ಲಿ ಮೊದಲ ವ್ಯಾಪಾರ ಮಾಡುವುದೇ ಅವಳ ಕೆಲಸ. ನನ್ನಲ್ಲಿ ಒಂದು ಬತ್ತಿಯ ಕಟ್ಟು, ಎದುರಿನ ಇಮಾಮ್ ಸಾಬಿಯ ಪಾತ್ರೆ ಅಂಗಡಿಯಲ್ಲಿ ಒಂದು ಚಮಚ, ಹೀಗೆ. ಅವಳ ನಾಣ್ಯ ಅಂಗೈಗೆ ಬಿದ್ದರೆ, ಅಬ್ಬಾ! ಆ ಖುಷಿಯನ್ನು ಏನೆಂದು ಹೇಳಲಿ, ಶಾಲೆ ಬಿಟ್ಟ ಮಕ್ಕಳ ಖುಷಿ ಅದು. ಮಧ್ಯಾಹ್ನದವರೆಗೆ ವ್ಯಾಪಾರಿಯ ಕೈ ಹಗುರಾಗಿರುತ್ತಿತ್ತು. ಮೂವತ್ತು ವರ್ಷ, ಒಂದು ದಿನವೂ ಆ ಖುಷಿ ತಪ್ಪಿದ್ದಿಲ್ಲ. ಕೊಂಡ ಸಾಮಾನಿನ ಜೊತೆ ನಾವು ಒಂದಿಷ್ಟು ಅಕ್ಕಿ, ಬೇಳೆ, ಎಣ್ಣೆ ಕೊಡುತ್ತಿದ್ದೆವು. ಅವಳ ಸಂಸಾರ ಅದರಲ್ಲೇ ನಡೆಯುತ್ತಿತ್ತು. ಅವಳಿಗೊಂದು ವಿಚಿತ್ರ ರೂಢಿ. ನಾಣ್ಯವನ್ನು ಬಟ್ಟೆಯ ಗಂಟಿನಿಂದ ನೇರವಾಗಿ ನಮ್ಮ ಅಂಗೈಗೆ ಉದುರಿಸುವಳು, ತಾನು ಮುಟ್ಟುತ್ತಿರಲಿಲ್ಲ. ಚಿಲ್ಲರೆ ಕೊಟ್ಟರೆ ಸೆರಗೊಡ್ಡುವಳು, ಅಂಗೈ ಒಡ್ಡುತ್ತಿರಲಿಲ್ಲ. ಏನೋ ಮಡಿ ಇರಬೇಕು ಅಂದುಕೊಂಡಿದ್ದೆವು. ಬೋಣಿಯ ಹೆಂಗಸನ್ನು ಕೇಳುವವರಾರು?

ಆ ಫಲಕ ತಂದವಳು ವಂದಿತಾ ಎಂಬ ಹುಡುಗಿ, ಕಂಪನಿಯವಳು, ಪರವೂರಿನವಳು. ಬಜಾರಿನ ತುಂಬ ಅಲೆದು ಎಲ್ಲರಿಂದ ಬೈಸಿಕೊಂಡು ಕೊನೆಗೆ ನನ್ನ ಅಂಗಡಿಯ ಮುಂದೆ ನಿಂತು ನೀರು ಕೇಳಿದಳು. "ಇದ್ರಲ್ಲಿ ನಿಮ್ಮ ಕೈ ಯಾರಿಗೂ ತಾಕಲ್ಲ ಸರ್. ಬೇಗ ಆಗತ್ತೆ, ಸೇಫು" ಎಂದಳು. ಅವಳು ಹೇಳಿದ್ದು ಬೇರೆ ಅರ್ಥದಲ್ಲಿ. ನನಗೆ ಮಾತ್ರ ಕತ್ತಲೆ ಕೋಣೆಗೆ ಕಿಟಕಿ ತೆಗೆದಂತಾಯಿತು. ಕೈ ತಾಕಲ್ಲ! ಫಲಕ ಹಾಕಿಸಿಕೊಂಡ ಮೊದಲ ವ್ಯಾಪಾರಿ ನಾನೇ.

ಊರು ದಂಗುಬಡಿದುಹೋಯಿತು. ಮೊದಲ ವಾರ ಜನ ನೋಡಲು ಬಂದರು, ಎರಡನೆಯ ವಾರ ಕೊಳ್ಳಲು ಬಂದರು. ನನ್ನ ದುಃಖ ಅವರಿಗೆ ತಾಕುತ್ತಿರಲಿಲ್ಲವಲ್ಲ, ಮದುವೆ, ಗೃಹಪ್ರವೇಶ ಎಲ್ಲದರ ಸಾಮಾನು ಮತ್ತೆ ನನ್ನಲ್ಲೇ. ಸಂತೋಷದ ಭರದಲ್ಲಿ ನಾನು ಪೂಜೆಗೊಂದೊಂದು ಪೊಟ್ಟಣ ಕಟ್ಟಿ ಮಾರತೊಡಗಿದೆ. ಅರಿಸಿನ ಕುಂಕುಮದಿಂದ ಹಿಡಿದು ಜನಿವಾರದವರೆಗೆ ಎಲ್ಲ ಒಂದರಲ್ಲೇ. ಹಳ್ಳಿಯಿಂದ ಫೋನು ಮಾಡಿ, ಅಲ್ಲಿಂದಲೇ ದುಡ್ಡು ಹಾಕಿ, ಬಸ್ಸಿನಲ್ಲಿ ತರಿಸಿಕೊಳ್ಳುವವರು ಹುಟ್ಟಿಕೊಂಡರು. ಮೂರೇ ತಿಂಗಳಲ್ಲಿ ಬಜಾರಿನ ಪ್ರತಿ ಅಂಗಡಿಗೂ ಒಂದೊಂದು ಡಬ್ಬಿ ಬಂತು. ಬೆಳಗಾದರೆ ಬೀದಿಯಲ್ಲಿ ಸ್ವೀಕರಿಸಲಾಗಿದೆ, ಸ್ವೀಕರಿಸಲಾಗಿದೆ ಎಂಬ ಗಲಾಟೆ.

ನಮ್ಮನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಡಬ್ಬಿಯಲ್ಲ, ನಮ್ಮ ಜನ. ನೂರುನ್ನೀಸಾ ಎಂಬಾಕೆ ನಾಚಿಕೆಯ ಮುದ್ದೆ, ಅವಳ ಕೈಯ ನಾಣ್ಯ ತೆಗೆದುಕೊಂಡವರು ತಾವೇ ನಾಚಿ ತಲೆ ತಗ್ಗಿಸಿ ಹೋಗುವರು ಎಂದು ಹತ್ತು ವರ್ಷ ಮನೆಯೊಳಗೇ ಇದ್ದವಳು. ಅವಳು ಕಿಟಕಿಗೆ ಫಲಕ ಕಟ್ಟಿ ಹಪ್ಪಳ ಮಾರತೊಡಗಿದಳು, ವರ್ಷ ತುಂಬುವ ಮೊದಲು ಆರು ಜನ ಹೆಂಗಸರಿಗೆ ಕೆಲಸ ಕೊಟ್ಟಳು. ಇತ್ತ ವ್ಯಾಪಾರಿಗಳಿಗೋ ಗಿರಾಕಿಯ ಮನಸ್ಸು ತಿಳಿಯದೆ ಕಣ್ಣುಕಟ್ಟಿ ಕಾಡಿಗೆ ಬಿಟ್ಟಂತಾಗಿತ್ತು. ನಾವು ಹುಟ್ಟಿದಾಗಿನಿಂದ ನೋಡಿದ್ದು ಅಂಗೈ, ಮುಖ ನೋಡಿ ಗೊತ್ತಿರಲಿಲ್ಲ. ಗಿರಾಕಿ ಹಲ್ಲು ಕಾಣಿಸಿದರೆ ಅದು ನಗುವೋ ಹಲ್ಲುನೋವೋ? ಇಂಥ ಸಮಯ ನೋಡಿ, ಹಿಂದೆ ನಾಟಕ ಆಡಿಸುತ್ತಿದ್ದ ಶೇಷಾಚಲ ಮೇಷ್ಟ್ರು ಮುಖ ನೋಡುವುದನ್ನು ಕಲಿಸುವ ತರಗತಿ ಶುರುಮಾಡಿಬಿಟ್ಟರು. ಭಾನುವಾರ ಸಂಜೆ ಶಾಲೆಯ ಬೆಂಚಿನ ಮೇಲೆ ನಲವತ್ತು ಜನ ವ್ಯಾಪಾರಿಗಳು. "ಇದು ಸಂಶಯ. ಹುಬ್ಬು ನೋಡ್ರಯ್ಯಾ ಹುಬ್ಬು! ಇದು ಜಿಪುಣತನ. ಈಗ ಎಲ್ಲಾರೂ ನನ್ ಜೊತೆ ಹೇಳಿ, ಚೆನ್ನಾಗಿದ್ದೀರಾ?" ನಮ್ಮ ನಾಲಿಗೆ ಹೊರಳಲಿಲ್ಲ. ಕಿವಿ ಬಿಸಿಯಾಯಿತು. ಬಯ್ಗುಳವನ್ನು ಗಟ್ಟಿಯಾಗಿ ಹೇಳಿಸಿದಂತಿತ್ತು. ಆದರೆ ಕೇಳಿದರೆ ಗಿರಾಕಿ ನಾಲ್ಕು ಮಾತಾಡುತ್ತಾನೆ, ಮಾತಾಡಿದರೆ ಇನ್ನೊಂದು ಸಾಮಾನು ಕೊಳ್ಳುತ್ತಾನೆ ಎಂದು ಬಲುಬೇಗ ತಿಳಿಯಿತು. ನಾನಂತೂ ದಿನಕ್ಕೆ ನೂರು ಸಲ ಕೇಳತೊಡಗಿದೆ. ಚೆನ್ನಾಗಿದ್ದೀರಾ, ಬನ್ನಿ. ಚೆನ್ನಾಗಿದ್ದೀರಾ, ಹೋಗಿ ಬನ್ನಿ. ಅವರು "ಹ್ಞೂ, ಚೆನ್ನಾಗಿದ್ದೀವಿ" ಅನ್ನುವರು. ಆಯಿತು.

ಈ ಸಂಭ್ರಮದಲ್ಲಿ ಹಾಲಮ್ಮನ ನಲವತ್ತು ಅಂಗಡಿ ಇಪ್ಪತ್ತಾಯಿತು, ಇಪ್ಪತ್ತು ಆರಾಯಿತು. ಕೈಯೇ ತಾಕದ ಮೇಲೆ ಬೋಣಿ ಯಾತಕ್ಕೆ? ಕೊನೆಗೆ ಉಳಿದವನು ನಾನೊಬ್ಬ. ಒಂದು ಬೆಳಿಗ್ಗೆ ನಾನೂ ಹೇಳಿಬಿಟ್ಟೆ. "ಹಾಲಕ್ಕ, ಇನ್ಮೇಲೆ ದಿನಾ ಬರೋ ತೊಂದ್ರೆ ತಗೋಬೇಡ. ತಿಂಗಳಿಗೊಂದು ಸಲ ಅಕ್ಕಿ ಬೇಳೆ ನಾನೇ ಕಳಿಸ್ತೀನಿ."

ಅವಳು ಬತ್ತಿಯ ಕಟ್ಟನ್ನು ಹಾಗೇ ಹಿಡಿದುಕೊಂಡು ನಿಂತಳು. "ಅಕ್ಕಿ ಬ್ಯಾಡ ಮರುಳಪ್ಪ. ಚಿಲ್ರೆ ಕೊಡು."

"ಎಷ್ಟು ಬೇಕು ಹೇಳು, ನೂರಾ, ಇನ್ನೂರಾ?"

"ಎರಡು ರುಪಾಯಿ ಸಾಕು. ಒಂದಾದ್ರೂ ಸಾಕು. ನೀನು ಮುಷ್ಟಿ ಹಿಡಿದು ಕೊಟ್ಟಿದ್ದು."

ಗಲ್ಲಾಪೆಟ್ಟಿಗೆ ತೆಗೆದು ನೋಡಿದೆ. ರಬ್ಬರ್ ಬ್ಯಾಂಡುಗಳು, ಒಂದು ಹಳೆಯ ಬೀಗದಕೈ. ನಾಣ್ಯ ಒಂದೂ ಇರಲಿಲ್ಲ. ಇದ್ದ ಚಿಲ್ಲರೆಯನ್ನೆಲ್ಲ ಹಿಂದಿನ ಸಂಜೆ ಪೊಟ್ಟಣ ಒಯ್ಯುವ ಬಸ್ಸಿನವನಿಗೆ ಕೊಟ್ಟುಬಿಟ್ಟಿದ್ದೆ, ಮತ್ತೆ ಬೇಕಾದೀತೆಂದು ಹೊಳೆದೇ ಇರಲಿಲ್ಲ. "ಇಲ್ಲಕ್ಕ" ಎಂದೆ. ಅವಳು ಸೆರಗು ಒಡ್ಡಿಕೊಂಡೇ ಇದ್ದಳು. ಆಮೇಲೆ ಅದನ್ನು ಕೊಡವಿ, ಹೊದ್ದುಕೊಂಡು, ಎದುರಿನ ಅಂಗಡಿಗೆ ಹೋದಳು. ಅಲ್ಲಿ ಇಮಾಮ್ ಸಾಬಿಯೂ ಕೈ ಆಡಿಸಿದ. ಅದರ ಪಕ್ಕದವನೂ.

ಮರುದಿನದಿಂದ ಅವಳು ಬಜಾರಿಗೆ ಬರಲಿಲ್ಲ. ಎಂಟು ದಿನ ಕಾದು, ಮನಸ್ಸು ತಡೆಯದೆ, ಒಂಬತ್ತನೆಯ ದಿನ ಮಧ್ಯಾಹ್ನ ಹತ್ತು ಕೆಜಿ ಅಕ್ಕಿಯ ಚೀಲ ಹೊತ್ತು ಅವಳ ಮನೆ ಹುಡುಕಿಕೊಂಡು ಹೋದೆ. ಮೂವತ್ತು ವರ್ಷ ದಿನವೂ ಅಂಗಡಿಗೆ ಬಂದವಳ ಮನೆ ಎಲ್ಲಿದೆಯೆಂದು ನಾಲ್ಕು ಜನರನ್ನು ಕೇಳಬೇಕಾಯಿತು. ಬಾಗಿಲು ತೆರೆದೇ ಇತ್ತು. ಒಳಗೆ ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸು ಮಲಗಿದ್ದಳು, ಮೂವತ್ತೈದರ ವಯಸ್ಸು. ಹೊದಿಕೆಯ ಕೆಳಗೆ ಕಾಲುಗಳು ಇವೆಯೋ ಇಲ್ಲವೋ ಅನ್ನುವಷ್ಟು ಸಣ್ಣ.

"ನನ್ ಮಗಳು ಶಾಂಭವಿ" ಎಂದಳು ಹಾಲಮ್ಮ. "ಐದನೇ ವರ್ಷದಾಗೆ ಜ್ವರ ಬಂದು ಬಿದ್ದೋಳು, ಎದ್ದಿಲ್ಲ."

ನಾನು ಕಕ್ಕಾಬಿಕ್ಕಿಯಾದೆ. ಇವಳಿಗೆ ಮಗಳಿರುವುದೇ ಗೊತ್ತಿರಲಿಲ್ಲ. ಆ ಹೆಂಗಸು ನನ್ನನ್ನು ನೋಡಿ ದಿನವೂ ನೋಡುವವರಂತೆ ಕೇಳಿದಳು, "ಮರುಳಪ್ಪಣ್ಣಾರಾ? ನಿಮ್ ಹಲ್ಲುನೋವು ವಾಸಿ ಆಯ್ತಾ? ಕೊನೇ ಸಲ ಬಂದಾಗ ಇತ್ತಲ್ಲ."

"ನಾನು ಯಾವಾಗ ಬಂದಿದ್ದೆ?"

"ಎರಡು ರೂಪಾಯಾಗೆ" ಎಂದು ನಕ್ಕಳು. ಮತ್ತೆ ಆ ನಗು ಆರಿಹೋಯಿತು.

ಆಗ ನನಗೆ ತಿಳಿಯುತ್ತ ಬಂತು. ನಾವು ನಲವತ್ತು ಜನ ಮುಷ್ಟಿ ಬಿಗಿದು ಕೊಟ್ಟ ಚಿಲ್ಲರೆಯನ್ನು ಹಾಲಮ್ಮ ಮುಟ್ಟದೆ, ಕೆಡಿಸದೆ ಈ ಮಂಚಕ್ಕೆ ತರುತ್ತಿದ್ದಳು. ಶಾಂಭವಿ ಒಂದೊಂದನ್ನೇ ಅಂಗೈಗೆ ಹಾಕಿಸಿಕೊಂಡು, "ಇದು ಇಮಾಮ್ ಸಾಬಿ, ಮಗಳ ಮನೆಯಿಂದ ಕಾಗದ ಬಂದದೆ. ಇದು ಬಟ್ಟೆ ಅಂಗಡಿಯೋರು, ಇವತ್ತೂ ಜಗಳ ಆಡಿದಾರೆ" ಎಂದು ಹೇಳಿ ಹೇಳಿ ನಗುತ್ತಿದ್ದಳಂತೆ. ಈ ಕಿಟಕಿಯಿಂದ ಕಾಣುವುದು ಒಂದು ಗೋಡೆ. ಆದರೂ ಮೂವತ್ತು ವರ್ಷ ಅವಳು ದಿನವೂ ಬಜಾರಿಗೆ ಬಂದು ಹೋಗುತ್ತಿದ್ದಳು. ಎಲ್ಲ ತಾಕಿಸಿಕೊಂಡು ಮುಗಿದ ಮೇಲೆ ಆ ಖುಷಿಯಲ್ಲೇ ನಾಣ್ಯಗಳನ್ನು ಮುಷ್ಟಿಯಲ್ಲಿ ಬಿಗಿಯುವಳು. ಮರುದಿನ ನಮ್ಮ ಅಂಗೈಗೆ ಉದುರುತ್ತಿದ್ದದ್ದು ಅದು. ಅವಳ ಖುಷಿ ನಮ್ಮಿಂದ ಹುಟ್ಟುತ್ತಿತ್ತು. ನಮ್ಮ ಅಂಗಡಿಗಳು ಅವಳ ಖುಷಿಯಿಂದ ನಡೆಯುತ್ತಿದ್ದವು. ನಾನು ಫಲಕ ತೂಗುಹಾಕಿ ಆ ದಾರಿಯನ್ನು ಮುಚ್ಚಿದ್ದೆ, ಊರಿಗೆಲ್ಲ ಮೊದಲು.

"ಒಂಬತ್ತು ದಿನ ಆಯ್ತು, ಸರಿಯಾಗಿ ಊಟ ಮಾಡಿಲ್ಲ ಇವಳು" ಎಂದಳು ಹಾಲಮ್ಮ. "ಯಾರೂ ಬರಲಿಲ್ವಲ್ಲವ್ವ, ಎಲ್ಲಾರೂ ಸತ್ತೋದ್ರಾ ಅಂತಾಳೆ."

ನಾನು ಜೇಬೆಲ್ಲ ತಡಕಾಡಿದೆ. ಮೊಬೈಲು ಸಿಕ್ಕಿತು. ಅದನ್ನು ಹಿಡಿದುಕೊಂಡು ಆ ಮಂಚದ ಮುಂದೆ ನಿಂತಾಗ ಆದ ನಾಚಿಕೆಯನ್ನು ಹೇಳಲಾರೆ.

ಶಾಂಭವಿ ದಿಂಬಿನ ಕೆಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. "ನೀವೇ ಬಂದಿದ್ದು ಒಳ್ಳೇದಾಯ್ತು ಅಣ್ಣ. ಇದು ನಿಮ್ದು. ಎರಡು ವರ್ಷದ ಮೇಲಾಯ್ತು, ಇಟ್ಕೊಂಡಿದೀನಿ. ದಾಕ್ಷಾಯಿಣಕ್ಕ ಆಸ್ಪತ್ರೆಗೆ ಹೋದ ದಿನ ಬೆಳಿಗ್ಗೆ ಕೊಟ್ಟಿದ್ದು. ಮುಷ್ಟಿ ಹಿಡಿದ್ರೆ ನನ್ ಖುಷಿ ಸೇರ್ಕೊಂಬಿಡ್ತಿತ್ತು, ಅದ್ಕೆ ಹಿಡೀಲಿಲ್ಲ."

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದವಳು ದಾಕ್ಷಾಯಿಣಿ. ನಾನು ಪೂಜೆ ಮುಗಿಸಿ ಬರುವಷ್ಟರಲ್ಲಿ ಹಾಲಮ್ಮನ ಬೋಣಿ ಇಸಿದುಕೊಂಡು, ಚಿಲ್ಲರೆ ಕೊಟ್ಟು ಕಳಿಸಿರುತ್ತಿದ್ದಳು. ಕೊನೆಯ ಕೆಲವು ತಿಂಗಳು ನಾನು ಬಂದ ಕೂಡಲೇ ಗಲ್ಲಾ ಬಿಟ್ಟು ಒಳಗೆ ಹೋಗುತ್ತಿದ್ದಳು, ಮತ್ತೊಬ್ಬರಿಗೆ ಒಂದು ರೂಪಾಯಿ ಕೂಡ ಕೊಡುತ್ತಿರಲಿಲ್ಲ. ಸೋಮಾರಿತನ ಬಂದಿದೆ ಇವಳಿಗೆ ಎಂದು ನಾನು ರೇಗಿದ್ದೂ ಉಂಟು. ಹಾಲಮ್ಮ ಅಂಗೈ ಒಡ್ಡುವುದಿಲ್ಲ, ಹಾಗಾಗಿ ಅವಳಿಗೆ ಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದಳು ನನ್ನ ಹೆಂಡತಿ.

ಶಾಂಭವಿ ಗಂಟು ಬಿಚ್ಚಿ ನಾಣ್ಯವನ್ನು ನನ್ನ ಅಂಗೈಗೆ ಉದುರಿಸಿದಳು.

ಭಯ. ಬೇರೇನೂ ಇಲ್ಲ, ಬರೀ ಭಯ. ಅಕ್ಕಿಯ ಚೀಲದ ಮೇಲೆ ಕೂತುಬಿಟ್ಟೆ. ಇಪ್ಪತ್ತೇಳು ವರ್ಷ ನಗುನಗುತ್ತ ಓಡಾಡಿದ ಹೆಂಗಸು, ಆಸ್ಪತ್ರೆಗೆ ಹೋಗುವಾಗಲೂ "ಗ್ಯಾಸ್ಟ್ರಿಕ್ಕು ಕಣ್ರಿ, ಎರಡು ದಿನದಾಗೆ ಬರ್ತೀನಿ" ಎಂದವಳು. ಅವಳಿಗೆ ಎಲ್ಲವೂ ಗೊತ್ತಿತ್ತು. ಒಬ್ಬಳೇ ಹೆದರಿದ್ದಳು.

"ನಿಂಗೆ ಗೊತ್ತಿತ್ತಾ?" ಎಂದು ಹಾಲಮ್ಮನನ್ನು ಕೇಳಿದೆ.

"ನಾಕು ತಿಂಗಳು ಮುಂಚೆಯಿಂದ. ಇವಳು ಹೇಳಿದ್ಲು."

"ಯಾಕೆ ಹೇಳ್ಲಿಲ್ಲ ನಂಗೆ? ದಿನಾ ನಮ್ಮಂಗಡಿಗೆ ಬರ್ತಿದ್ದೆ. ಯಾಕೆ ಹೇಳ್ಲಿಲ್ಲ?"

"ಅಂಗೈಗೆ ಬಂದಿದ್ದು ಬಾಯಿಗೆ ತರಬಾರ್ದಲ್ಲಪ್ಪ. ಆದ್ರೂ ತಡೀಲಾರ್ದೆ ಒಂದಿನ ಅವಳಿಗೇ ಅಂದೆ, ಯಜಮಾನ್ರಿಗೆ ಹೇಳವ್ವ ಅಂತ. ಹೇಳ್ತೀನಿ ಹಾಲಕ್ಕ, ಅವ್ರು ಒಂದು ಸಲ ಕೇಳ್ಲಿ, ಹೇಳ್ತೀನಿ ಅಂದ್ಲು." ಹಾಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀನು ಕೇಳ್ಲಿಲ್ಲ."

ಹೌದು, ಕೇಳಲಿಲ್ಲ. ಕೇಳುವುದು ಅವಮಾನವಾಗಿದ್ದ ಊರಿನಲ್ಲಿ ನಾನೊಬ್ಬ ಮರ್ಯಾದಸ್ಥ. ಅವಳು ಹೋಗಿ ಎರಡು ವರ್ಷವಾದ ಮೇಲೆ, ಒಂದು ಡಬ್ಬಿಯ ದೆಸೆಯಿಂದ ಕೇಳುವುದನ್ನು ಕಲಿತು, ದಾರಿಹೋಕರನ್ನೆಲ್ಲ ದಿನಕ್ಕೆ ನೂರು ಸಲ ಕೇಳುತ್ತಿದ್ದೆ, ಊದುಕಡ್ಡಿ ಮಾರಲು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಮುಷ್ಟಿ ಹಿಡೀಬ್ಯಾಡ್ರಿ ಅಣ್ಣ" ಎಂದಳು ಶಾಂಭವಿ, ಮೆಲ್ಲಗೆ. "ಹಿಡಿದ್ರೆ ಅಕ್ಕ ಹೋಗಿಬಿಡ್ತಾರೆ."

ಅಂಗೈ ಬಿಚ್ಚಿಕೊಂಡೇ ಎದ್ದೆ. ಸಾಯಂಕಾಲದೊಳಗೆ ಬರುತ್ತೇನೆ ಎಂದು ಅವಳಿಗೆ ಹೇಳಿ ಹೊರಬಿದ್ದೆ. ಬಜಾರಿನ ನಡುವೆ ಹಾಗೇ ನಡೆದೆ, ಹಿಡಿಯಷ್ಟು ನೀರು ಚೆಲ್ಲದಂತೆ ಒಯ್ಯುವವನ ಹಾಗೆ, ಬೆರಳು ಮಡಚದೆ. ಎರಡೂ ಕಡೆಯಿಂದ ಡಬ್ಬಿಗಳು ಕೂಗುತ್ತಿದ್ದವು. ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ. ನೂರ ಹತ್ತು ರೂಪಾಯಿ ಸ್ವೀಕರಿಸಲಾಗಿದೆ. ಇಮಾಮ್ ಸಾಬಿ ಒಂದು ಪಾತ್ರೆಯನ್ನು ಒರೆಸುತ್ತ, ತಲೆಯೆತ್ತದೆ, ರೂಢಿಯಂತೆ ಕೇಳಿದ. "ಚೆನ್ನಾಗಿದ್ದೀರಾ ಮರುಳಪ್ಪನೋರೆ?"

"ಇಲ್ಲ" ಎಂದೆ.

ಅವನ ಕೈಯ ಪಾತ್ರೆ ಠಣ್ಣೆಂದು ಕೆಳಗೆ ಬಿತ್ತು. ಪಕ್ಕದ ಅಂಗಡಿಯವರು ಬಗ್ಗಿ ನೋಡಿದರು. ಮೇಷ್ಟ್ರ ತರಗತಿಯಲ್ಲಿ ನಾವು ಕೇಳುವುದನ್ನಷ್ಟೇ ಕಲಿತಿದ್ದೆವು. ಇಲ್ಲ ಎಂದರೆ ಮುಂದೇನು ಮಾಡಬೇಕೆಂದು ಅವರು ಹೇಳಿಕೊಟ್ಟಿರಲಿಲ್ಲ. ಇಮಾಮ್ ಸಾಬಿ ಮೆಟ್ಟಿಲಿಳಿದು ಬಂದು, ನನ್ನ ಮುಖವನ್ನು ಒಂದು ನಿಮಿಷ ನೋಡಿ, "ಏನಾಯ್ತು, ಹೇಳಿ" ಎಂದ.

ಬೀದಿಯಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ದಾಕ್ಷಾಯಿಣಿಯ ಹೆದರಿಕೆಯನ್ನು ಹೇಳಿದೆ, ಗೋಡೆ ಕಾಣುವ ಕಿಟಕಿಯನ್ನು ಹೇಳಿದೆ. ಅವನು ಒಳಗೆ ಹೋಗಿ, ಗಲ್ಲಾಪೆಟ್ಟಿಗೆಯ ಮೂಲೆ, ತಕ್ಕಡಿಯ ತಳ, ಹಳೆಯ ಅಂಗಿಯ ಜೇಬು ಎಲ್ಲ ಹುಡುಕಿ, ಕಡೆಗೆ ಮಸಿ ಹಿಡಿದ ಒಂದು ರೂಪಾಯಿ ತಂದ. ಅದನ್ನು ಮುಟ್ಟದೆ ಶಾಂಭವಿಗೆ ಒಯ್ಯಲು ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ತುದಿಯನ್ನು ಒಡ್ಡಿದೆ. ಇಮಾಮ್ ಸಾಬಿ ಕೊಡುವ ಮುನ್ನ ಕಣ್ಣು ಮುಚ್ಚಿ, ಮುಷ್ಟಿ ಬಿಗಿದುಕೊಂಡು, ತುಂಬ ಹೊತ್ತು ಹಾಗೇ ನಿಂತ.